ಚಾಸಿ ನಂಬರ್ ನೋಡಿದರೆ ಸಾಕೇ?

ಹಳೇ ಅಮೆರಿಕನ್ ಮಸಲ್ ಕಾರು (ಜೋರು ಇಂಜಿನ್ನಿನ ವೇಗದ ಕಾರು) ಅಸಲಿಯೋ ಅಲ್ಲವೋ ಅಂತ ಚಾಸಿ ನಂಬರ್ ಒಂದರಿಂದಲೇ ಗೊತ್ತಾಗುತ್ತದೆ ಅನ್ನೋ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. 1966ರ ಪಾಂಟಿಯಾಕ್ ಜಿಟಿಒಗೆ ಇದು ನಿಜ, ಅದರ ನಂಬರ್ 242ರಿಂದ ಶುರುವಾಗುತ್ತದೆ. ಹಾಗಾಗಿ ಜನ ನಂಬುವುದು ಸಹಜ. ಆದರೆ 1969ರ ಷೆವರ್ಲೆ ಕ್ಯಾಮರೋ ನೋಡಿ. ನಂಬರ್ 12437ರಿಂದ ಶುರುವಾದರೆ ಅದು ವಿ8 (ಎಂಟು ಸಿಲಿಂಡರ್) ಇಂಜಿನ್ನಿನ ಎರಡು ಬಾಗಿಲಿನ ಕೂಪೆ, ಅಷ್ಟೇ. ಝಡ್28 ಅನ್ನೋ ಜೋರು ಇಂಜಿನ್ನಿನ ಪ್ಯಾಕೇಜ್ ಆಗ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಆಪ್ಷನ್, ನಂಬರಿನಲ್ಲಿ ಅದು ಕಾಣುವುದಿಲ್ಲ.

ಬಾನೆಟ್ ಎತ್ತಿ. ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್ ಮುಂದೆ, ಇಂಜಿನ್ ಬ್ಲಾಕಿನ ಮೇಲೆ ಪುಟ್ಟ ಸಮತಟ್ಟು ಜಾಗವಿದೆ. ಮೂಲ ಝಡ್28 ಇಂಜಿನ್ ಆಗಿದ್ದರೆ ಅಲ್ಲಿ ಡಿಝಡ್ ಕೋಡ್ ಇರುತ್ತದೆ. ಫ್ಯಾಕ್ಟರಿ ಮೆಷಿನ್ ಬಿಟ್ಟ ಸಣ್ಣ ಗೆರೆಗಳು ಅಲ್ಲಿ ಅಳಿಸಿಹೋಗಿದ್ದರೆ ನಂಬರ್ ಮತ್ತೆ ಕುಟ್ಟಿರಬಹುದು. ಬ್ಲಾಕ್ ಎರಕ ಹೊಯ್ದ ದಿನಾಂಕವನ್ನೂ ನೋಡಿ. ಅದು ಕಾರು ತಯಾರಾಗುವುದಕ್ಕಿಂತ ಮುಂಚಿನದೇ ಆಗಿರಬೇಕು, ಅಲ್ವಾ? ಹಳೇ ಬಿಲ್ಲುಗಳನ್ನೂ ಕೇಳಿ.