ಎರಡೇ ಕಿಲೋಮೀಟರ್ ಅಂತ ಹೊರಟ ಜೀಪು

ಇವತ್ತು ಬೆಳಿಗ್ಗೆ ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತೋಟದ ದಾರಿಯಿಂದ ಮೇನ್ ರೋಡಿಗೆ ಇಳಿದ ಜೀಪೊಂದು ಸ್ಕೂಟರಿಗೆ ಗುದ್ದಿತ್ತು. ಸ್ಕೂಟರಿನ ಅಕ್ಕ ರಸ್ತೆ ಬದಿ ಕೂತಿದ್ದರು. ಕಾಲು ಊದಿತ್ತು. ಡಬ್ಬಿಯ ಅನ್ನ ಕೆಸರಿನಲ್ಲಿ ಚೆಲ್ಲಿತ್ತು. ಯಾರೋ ಇನ್ಶೂರೆನ್ಸ್ ಕೇಳಿದರು. ಜೀಪಿನವರು ತಡಕಾಡಿ ಒಂದು ಕಾಗದ ತೆಗೆದರು. ಅವಧಿ ಮುಗಿದು ಏಳು ತಿಂಗಳು!

"ತೋಟದಿಂದ ಪೇಟೆಗೆ ಎರಡೇ ಕಿಲೋಮೀಟರ್ ಅಲ್ವಾ ಅಕ್ಕಾ" ಅಂದರು ನನ್ನ ಹತ್ತಿರ.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಲ್ಲಿ ಇನ್ಶೂರೆನ್ಸ್ ಅಂದರೆ ಚೆಕಿಂಗ್ ಇದ್ದಾಗ ತೋರಿಸೋ ಚೀಟಿ, ಅಷ್ಟೇ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4000. ಮೂರು ತಿಂಗಳವರೆಗೆ ಜೈಲೂ ಆಗಬಹುದು. ದಂಡದ ಮಾತು ಬಿಡಿ. ಆ ಅಕ್ಕನ ಕಾಲಿಗೆ ದುಡ್ಡು ಯಾರು ಕೊಡ್ತಾರೆ? 1988ರ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಗೆ ಇರೋ ವಿಮೆ, ಕಡ್ಡಾಯ ಮಾಡಿದ್ದು ಅವರಂಥವರಿಗಾಗಿ. ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಪರಿಹಾರದ ದುಡ್ಡನ್ನು ಆ ಕಂಪನಿ ಕೊಡುತ್ತೆ. ಇಲ್ಲದಿದ್ದರೆ ಗಾಡಿ ಓನರ್ ಕೈಯಿಂದ ಕೊಡಬೇಕು. ಓನರ್ ಹತ್ತಿರ ದುಡ್ಡು ಇಲ್ಲದಿದ್ದರೆ? ಪೆಟ್ಟು ತಿಂದವರೇ ಕೋರ್ಟಿಗೆ ಅಲೆಯಬೇಕು.

"ಕಾಫಿಗೆ ಗೊಬ್ಬರ ಹಾಕೋಕೇ ದುಡ್ಡಿಲ್ಲ" ಅಂತೀರಿ. ಕಷ್ಟ ಇದೆ, ಗೊತ್ತು. ನಮ್ಮದೂ ತೋಟವೇ. ಆದರೆ 1000ದಿಂದ 1500 ಸಿಸಿ ಕಾರಿಗೆ 2022ರಲ್ಲಿ ಸರ್ಕಾರ ಗೊತ್ತು ಮಾಡಿದ ಥರ್ಡ್ ಪಾರ್ಟಿ ದರ ವರ್ಷಕ್ಕೆ 3416 ರೂಪಾಯಿ, ಜಿಎಸ್‌ಟಿ ಬೇರೆ. ಒಂದು ಸಲ ಟ್ಯಾಂಕ್ ಫುಲ್ ಮಾಡಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತೆ. ಡೀಸೆಲ್‌ಗೆ ಹುಟ್ಟೋ ದುಡ್ಡು ಇದಕ್ಕೆ ಹುಟ್ಟಲ್ವಾ?

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ನಮ್ಮ ಕಾರು ಶೆಡ್ಡಿನಲ್ಲೇ ನಿಂತಿತ್ತು. ದಾರಿ ತೆರೆದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ಹೋಗಿ ಬಂದೆ. ಮನೆಗೆ ಬಂದು ನೋಡಿದರೆ ಇನ್ಶೂರೆನ್ಸ್ ಮುಗಿದು 19 ದಿನ ಆಗಿತ್ತು. ಆ ದಿನ ದಾರಿಯಲ್ಲಿ ಒಂದು ಮಗು ಅಡ್ಡ ಓಡಿತ್ತು, ಬ್ರೇಕ್ ಹಿಡಿಯಿತು. ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ.

ಈಗ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಮುಗಿಯೋ ತಾರೀಕು ಕಾಣುತ್ತೆ. ದಯವಿಟ್ಟು ಇವತ್ತೇ ನೋಡಿ. ತೋಟದ ಜೀಪು, ಪಿಕಪ್ಪು, ಮಗನ ಬೈಕು, ಎಲ್ಲದರದ್ದೂ.

ಆ ಅಕ್ಕನನ್ನು ಆಟೋ ಹತ್ತಿಸಿ ಕಳಿಸಿದೆವು. ಕೂತ ಮೇಲೆ ಅವರು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ನಾಳೆ ಕೆಲಸಕ್ಕೆ ಹೋಗೋಕಾಗುತ್ತಾ ಅಕ್ಕಾ?"