ನಂಬರು ಕೇಳುವ ಊರು, ಸ್ಯಾಂಪಲ್ ಕೇಳುವ ಊರು

ನೆದರ್ಲೆಂಡ್ಸಿನಲ್ಲಿ ಹಳೇ ಮಿಲಿಟರಿ ಗಾಡಿಗಳ ಹುಚ್ಚು ಜಾಸ್ತಿ. ಇಲ್ಲಿಗೆ ಬಂದು ನೆಲೆಸಿದ ಮೇಲೆ ನನಗೂ ಅದು ಅಂಟಿತು. ನನ್ನ ಹತ್ತಿರ ಇರುವುದು ನೆಕಾಫ್ ಜೀಪು. ಅಮೆರಿಕದ ವಿಲ್ಲಿಸ್ ಎಂ38ಎ1 ಜೀಪನ್ನೇ 1950ರ ದಶಕದಲ್ಲಿ ಡಚ್ ಸೈನ್ಯಕ್ಕಾಗಿ ರಾಟರ್‌ಡ್ಯಾಮಿನಲ್ಲಿ ಜೋಡಿಸುತ್ತಿದ್ದರು. ಆ ಪೈಕಿ ಒಂದು ಇದು. ಚಾಸಿ ಗಟ್ಟಿ, ಎಂಜಿನ್ ಗಟ್ಟಿ. ಕೈ ಕೊಡುವುದೆಲ್ಲ ಇಗ್ನಿಷನ್, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ವ್ಯವಸ್ಥೆ.

ಈ ಜೀಪಿನ ಇಗ್ನಿಷನ್ ಸಾಮಾನ್ಯ ಕಾರಿನದರ ಹಾಗಲ್ಲ. ನೀರಿನಲ್ಲಿ ಮುಳುಗಿಯೂ ಓಡಬೇಕು, ಪಕ್ಕದಲ್ಲಿರುವ ರೇಡಿಯೋಗೆ ಕರಕರ ಸದ್ದು ಹೋಗಬಾರದು. ಇವೆರಡು ಷರತ್ತಿನ ಮೇಲೆ ಕಟ್ಟಿದ 24 ವೋಲ್ಟಿನ ವ್ಯವಸ್ಥೆ ಅದು. ಕಿಡಿ ಹಾರಿಸುವ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲಿ ಒಂದು ದಪ್ಪ ಲೋಹದ ಡಬ್ಬಿ. ಮೇಲೆ ಗ್ಯಾಸ್ಕೆಟ್ ಕೂರಿಸಿ ಸ್ಕ್ರೂ ಬಿಗಿದ ಮುಚ್ಚಳ. ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಕಾಯಿಲ್ ಕೂಡ ಅದರ ಹೊಟ್ಟೆಯಲ್ಲೇ. ಪ್ಲಗ್ಗಿಗೆ ಹೋಗುವ ವೈರುಗಳಿಗೆಲ್ಲ ಲೋಹದ ಹೊದಿಕೆ, ಎರಡೂ ತುದಿಯಲ್ಲಿ ನಟ್ಟು. ಪ್ಲಗ್ಗಿನ ತಲೆಗೂ ಲೋಹದ ಮರೆ ಇದೆ, ಅದರ ಮೇಲೇ ಆ ನಟ್ಟು ಕೂರಬೇಕು. ಹಾಗಾಗಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಲಗ್ ಇದಕ್ಕೆ ಆಗುವುದೇ ಇಲ್ಲ. ಇಷ್ಟೆಲ್ಲ ಭದ್ರತೆ ಇರುವ ಗಾಡಿಗೆ ಬೀಗದ ಕೈ ಮಾತ್ರ ಇಲ್ಲ. ಡ್ಯಾಶ್‌ಬೋರ್ಡಿನ ಒಂದು ಸಣ್ಣ ಲಿವರ್ ತಿರುಗಿಸಿದರೆ ಆಯ್ತು, ಯಾರು ಬೇಕಾದರೂ ಹೊಡೆದುಕೊಂಡು ಹೋಗಬಹುದು. ಅದಕ್ಕೇ ಸ್ಟೀರಿಂಗಿಗೆ ಸರಪಳಿ ಸುತ್ತಿ ಬೀಗ ಹಾಕುವವರು ಬಹಳ ಮಂದಿ.

ಇನ್ನು ಸಾಮಾನು ಹುಡುಕುವ ವಿಷಯ. ನಮ್ಮಲ್ಲಿ ಇದು ಹೇಗೆ ನಡೆಯುತ್ತೆ ಅಂತ ಗೊತ್ತಲ್ವಾ? ಕೆಟ್ಟ ಸಾಮಾನನ್ನು ಬಿಚ್ಚಿ, ಹಳೇ ಪೇಪರಿನಲ್ಲಿ ಸುತ್ತಿಕೊಂಡು ಶಿವಾಜಿನಗರದ ಗುಜರಿ ಕಡೆಗೋ ಜೆ.ಸಿ. ರಸ್ತೆಗೋ ಹೋಗಬೇಕು. ಅಂಗಡಿಯವನು "ಸ್ಯಾಂಪಲ್ ತಂದಿದೀರಾ?" ಅಂತಾನೆ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಗ್ರೀಸ್ ಒರೆಸಿ, "ಇದು ಸಿಗಲ್ಲ ಸರ್, ಇದರ ಥರದ್ದು ಸಿಗುತ್ತೆ" ಅಂತಾನೆ. ಆ ಮಾತಿನ ಮೇಲೇ ನಮ್ಮ ಅರ್ಧ ದೇಶದ ಗಾಡಿಗಳು ಓಡುತ್ತಿವೆ.

ಇಲ್ಲಿ ಸ್ಯಾಂಪಲ್ ತೋರಿಸಿದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮಿಲಿಟರಿ ಸಾಮಾನಿನ ಸಂತೆಯಲ್ಲಿ ಮೇಜಿನ ಹಿಂದೆ ಕೂತ ಮುದುಕಪ್ಪ ಕೇಳುವುದು ಒಂದೇ: "ನಂಬರ್ ಏನು?" ನಂಬರ್ ಗೊತ್ತಿಲ್ಲ ಅಂದರೆ ಮಾತು ಅಲ್ಲಿಗೆ ಮುಗೀತು. ಮೊದಮೊದಲು ನನಗಿದು ಬರೀ ಸೊಕ್ಕು ಅನ್ನಿಸುತ್ತಿತ್ತು. ಆದರೆ ಆ ನಂಬರಿನ ಒಳಗುಟ್ಟು ತಿಳಿದ ಮೇಲೆ ಮೆಚ್ಚದೇ ಇರೋಕೆ ಆಗಲಿಲ್ಲ.

ನ್ಯಾಟೋ ದೇಶಗಳ ಸೈನ್ಯದಲ್ಲಿ ಪ್ರತಿ ಸಾಮಾನಿಗೂ 13 ಅಂಕಿಯ ನಂಬರಿದೆ. ಮೊದಲ ನಾಲ್ಕು ಅಂಕಿ ಅದು ಯಾವ ಜಾತಿಯ ಸಾಮಾನು ಅಂತ ಹೇಳುತ್ತದೆ. 2920 ಅಂದರೆ ಎಂಜಿನ್ನಿನ ಕರೆಂಟಿನ ಸಾಮಾನು. ಕಾಯಿಲಿಗೆ ಹೋಗುವ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟು, ಸುತ್ತುತ್ತ ಒಂದೊಂದೇ ಪ್ಲಗ್ಗಿನ ವೈರಿಗೆ ಕರೆಂಟ್ ಕೊಡುವ ರೋಟರು, ಕಾಯಿಲ್ ಎಲ್ಲ ಅದರಲ್ಲೇ ಬರುತ್ತವೆ. ಮುಂದಿನ ಎರಡು ಅಂಕಿ ನಂಬರ್ ಕೊಟ್ಟ ದೇಶದ್ದು. 00 ಇದ್ದರೆ ಅಮೆರಿಕ, 17 ಇದ್ದರೆ ನೆದರ್ಲೆಂಡ್ಸ್. ಉಳಿದ ಏಳು ಅಂಕಿ ಆ ಸಾಮಾನಿನದೇ ಗುರುತು. 1974ಕ್ಕಿಂತ ಹಿಂದಿನ ಅಮೆರಿಕದ ಡಬ್ಬಿಗಳ ಮೇಲೆ 11 ಅಂಕಿ ಮಾತ್ರ ಇರುತ್ತದೆ. ಮೊದಲ ನಾಲ್ಕಾದ ಮೇಲೆ ಎರಡು ಸೊನ್ನೆ ಸೇರಿಸಿಕೊಂಡರೆ ಹೊಸ ನಂಬರ್ ಆಗುತ್ತದೆ. ಇಷ್ಟು ತಿಳಿದಿದ್ದರೆ ಡಚ್ ಬಾರದವನೂ, ಎಂಜಿನ್ ಬಿಚ್ಚದವನೂ ಅರವತ್ತು ವರ್ಷ ಹಿಂದಿನ ರೋಟರನ್ನು ಬೇರೆ ದೇಶದಿಂದ ತರಿಸಿಕೊಳ್ಳಬಹುದು. ಬಂದದ್ದು ಸರಿಯಾಗಿ ಕೂರುತ್ತದೆ ಕೂಡ.

ಹಾಗೆ ಬಂದ ಡಬ್ಬಿ ಬಿಚ್ಚುವುದೇ ಒಂದು ಖುಷಿ. ಹೊರಗೆ ಕಂದು ರಟ್ಟು. ಅದರ ಮೇಲೆ ನಂಬರು, ಎಷ್ಟು ಇದೆ ಅನ್ನುವ ಲೆಕ್ಕ, ಕಂತ್ರಾಟಿನ ಸಂಖ್ಯೆ, ಪ್ಯಾಕ್ ಮಾಡಿದ ತಿಂಗಳು, ವರ್ಷ. ಒಳಗೆ ಬೆಳ್ಳಿ ಬಣ್ಣದ ಹಾಳೆ, ಅದರೊಳಗೆ ಮೇಣದ ಕಾಗದ. ಅದನ್ನೂ ಬಿಚ್ಚಿದರೆ ನಿನ್ನೆ ಕಾರ್ಖಾನೆಯಿಂದ ಬಂದ ಹಾಗೆ ಮಿರಮಿರ ಮಿಂಚುವ ಸಾಮಾನು.

ಇಲ್ಲೇ ನನಗೂ ಇಲ್ಲಿಯವರಿಗೂ ಸರಿಬೀಳದಿರುವುದು. ಡಬ್ಬಿ ಒಡೆದಿಲ್ಲ ಅಂದರೆ ಸಾಮಾನು ಹೊಸದು ಅಂತ ಇವರ ನಂಬಿಕೆ. ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ, ರೋಟರಿಗೆ, ಬ್ರಾಕೆಟ್ಟಿಗೆ ಆ ಮಾತು ಸರಿ. ಬಿರುಕಿಲ್ಲದಿದ್ದರೆ ಸಾಕು, ಹಾಕಬಹುದು. ಪಾಯಿಂಟ್ ಕೂಡ ಪರವಾಗಿಲ್ಲ. ಇಟ್ಟಲ್ಲೇ ಇಟ್ಟು ಮೇಲೆ ಕಾಣದ ಪೊರೆ ಕಟ್ಟಿರುತ್ತದೆ, ಸಣ್ಣ ಅರದಲ್ಲಿ ಎರಡು ಸಲ ಎಳೆದು, ಫೀಲರ್ ಗೇಜಿನಲ್ಲಿ 0.020 ಇಂಚು ಸಂದು ಇಟ್ಟರೆ ಮುಗೀತು. ಆದರೆ ಪಾಯಿಂಟ್ ಸುಡದ ಹಾಗೆ ಕಾಯುವ ಕಂಡೆನ್ಸರ್? ಅದರೊಳಗೆ ಇರುವುದು ಕಾಗದ ಮತ್ತು ಲೋಹದ ಹಾಳೆಯ ಸುರುಳಿ. ಡಬ್ಬಿಯಲ್ಲಿ ಸುಮ್ನೆ ಕೂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ತೇವ ಹಿಡಿಯುತ್ತದೆ. ಕಾಯಿಲ್ ಕಥೆಯೂ ಹೆಚ್ಚುಕಡಿಮೆ ಅದೇ. ಇವು ಕೆಟ್ಟ ಗಾಡಿ ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ, ಎಂಜಿನ್ ಕಾದ ಮೇಲೆ ಮುಗ್ಗರಿಸಿ ನಿಲ್ಲುತ್ತೆ, ತಣ್ಣಗಾದ ಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಓಡುತ್ತೆ. ಇವರು ಇಂಥ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿ ಕೂರುತ್ತಾರೆ. ಯಾಕಂದರೆ ಕಂಡೆನ್ಸರ್ 'ಹೊಸದು' ತಾನೆ!

ನಮ್ಮ ಮೇಸ್ತ್ರಿಗಳಿಗೆ ನಂಬರ್ ಗೊತ್ತಿಲ್ಲದಿರಬಹುದು, ಆದರೆ ಇಂಥದ್ದಕ್ಕೆ ಮೋಸ ಹೋಗುವುದಿಲ್ಲ. ಮುಚ್ಚಳ ತೆಗೆದು ಪಾಯಿಂಟ್ ನೋಡುತ್ತಾರೆ. ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಗುಬುಟು ಎದ್ದಿದ್ದರೆ, "ಕಂಡೆನ್ಸರ್ ಹೋಗಿದೆ, ಬೇರೆ ಹಾಕಿ" ಅಂತ ಹೇಳಿ ಕೈ ಒರೆಸಿಕೊಳ್ಳುತ್ತಾರೆ. ಯಾವ ಕಂಪನಿಯದು ಅಂತ ಕೇಳುವುದೂ ಇಲ್ಲ. ಇಂಥ ಪಾಯಿಂಟ್ ಇಗ್ನಿಷನ್ನಿಗೆ ಸಾಮಾನ್ಯವಾಗಿ 0.2 ಮೈಕ್ರೋಫ್ಯಾರಡ್ ಆಸುಪಾಸಿನದು ಸಾಕು. ಅಳತೆ ಸರಿಯಿದ್ದು, ಶಾಖ ತಡೆಯುವಂಥದ್ದಾಗಿ, ಒಳಗೆ ಹಿಡಿಸಿದರೆ ಆಯ್ತು.

ಹಾಗಂತ 'ಇದರ ಥರದ್ದು' ಎಲ್ಲ ಕಡೆ ನಡೆಯಲ್ಲ. ನಮ್ಮ ಮಹೀಂದ್ರಾದ ಹಳೇ ಪೆಟ್ರೋಲ್ ಜೀಪು ಸಿಜೆ-3ಬಿಯಲ್ಲಿ ಇದ್ದದ್ದೂ ವಿಲ್ಲಿಸ್‌ನ ಇದೇ 2.2 ಲೀಟರಿನ ಹರಿಕೇನ್ ಎಂಜಿನ್. ಹಾಗಾಗಿ ಅದರ ಡಿಸ್ಟ್ರಿಬ್ಯೂಟರನ್ನು ಇದಕ್ಕೆ ಕೂರಿಸುವ ಆಸೆ ಬರುವುದು ಸಹಜ. ಆದರೆ ನನ್ನ ಗಾಡಿ 24 ವೋಲ್ಟು, ಆ ಡಿಸ್ಟ್ರಿಬ್ಯೂಟರ್ 12. ಆಗ ಯಾರಾದರೂ ಒಬ್ಬರು "ಎರಡು ಬ್ಯಾಟರಿ ಇದೆಯಲ್ಲ, ಒಂದರಿಂದ ಮಾತ್ರ ವೈರ್ ಎಳೆಯಿರಿ" ಅಂತಾರೆ. ಕಿಡಿಯೇನೋ ಬರುತ್ತದೆ. ಆದರೆ ಒಂದು ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಎರಡೂ ಬೇಗ ಸಾಯುತ್ತವೆ. ಇನ್ನು ಡಿಸ್ಟ್ರಿಬ್ಯೂಟರಿಗೆ ಗಾಳಿಯಾಡಲು ಕೊಟ್ಟ ರಬ್ಬರ್ ಪೈಪು. ಸುಮ್ನೆ ಯಾಕಿದು ಅಂತ ಕಿತ್ತು ರಂಧ್ರಕ್ಕೆ ಬಿರಡೆ ಜಡಿಯುವವರನ್ನೂ ನೋಡಿದ್ದೇನೆ. ಮುಚ್ಚಿದ ಡಬ್ಬಿಯೊಳಗೆ ಕಿಡಿ ಹಾರುತ್ತಿದ್ದರೆ ಓಝೋನ್ ತುಂಬಿಕೊಳ್ಳುತ್ತದೆ, ತೇವವೂ ಸೇರಿ ಒಳಗಿನ ಲೋಹವೆಲ್ಲ ಕಿಲುಬು ಹಿಡಿಯುತ್ತದೆ. ಇಂಥ ಸಂಗತಿ ಸಾಮಾನನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಗೊತ್ತಾಗಲ್ಲ. ಪುಸ್ತಕದಲ್ಲಿ ಬರೆದಿರುತ್ತದೆ. ಡಚ್ಚರು ಆ ಪುಸ್ತಕ ಓದುತ್ತಾರೆ.

ನಮ್ಮ ಸೈನ್ಯದ ಜೋಂಗಾ ನೆನಪಾಗುತ್ತದೆ. ಜಬಲ್ಪುರದಲ್ಲಿ ತಯಾರಾದ, ನಿಸಾನ್ ಮೂಲದ ಆರು ಸಿಲಿಂಡರಿನ ಪೆಟ್ರೋಲ್ ಗಾಡಿ. ಹರಾಜಿನಲ್ಲಿ ಕೊಂಡವರಲ್ಲಿ ಎಷ್ಟೋ ಜನ ಮೊದಲು ಮಾಡಿದ ಕೆಲಸ ಆ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದು. ಪೆಟ್ರೋಲ್ ಕುಡಿಯುತ್ತೆ ಅನ್ನುವುದು ಮುಖ್ಯ ಕಾರಣ. ಜೊತೆಗೆ ಪಾಯಿಂಟು, ಕಾಯಿಲ್, ಪ್ಲಗ್ಗು ಹುಡುಕುವ ತಲೆನೋವೂ ಬುಡಸಮೇತ ಹೋಯಿತು. ಇದನ್ನು ಇಲ್ಲಿ ಹೇಳಿದರೆ ದೇವಸ್ಥಾನ ಕೆಡವಿದೆವು ಅನ್ನುವ ಹಾಗೆ ನೋಡುತ್ತಾರೆ. ನನಗೂ ಬೇಜಾರಿದೆ, ಆದರೆ ಆ ಗಾಡಿಗಳು ಕಾಫಿ ತೋಟದಲ್ಲಿ ದುಡಿಯಬೇಕಿತ್ತು. ಭಾನುವಾರದ ಮೆರವಣಿಗೆಗೆ ಹೋಗುವ ಗಾಡಿಗಳಲ್ಲ ಅವು.

ಸದ್ಯಕ್ಕೆ ನನ್ನ ಡಿಸ್ಟ್ರಿಬ್ಯೂಟರಿನಲ್ಲಿ ನಂಬರ್ ಹಿಡಿದು ತರಿಸಿದ ಮುಚ್ಚಳ, ರೋಟರ್, ಪಾಯಿಂಟ್ ಇವೆ. ಕಂಡೆನ್ಸರ್ ಮಾತ್ರ ಈಗಿನ ಕಾಲದ್ದು, ಯಾವ ಮಿಲಿಟರಿ ನಂಬರೂ ಇಲ್ಲದ್ದು. ಕಳೆದ ಬೇಸಿಗೆಯಲ್ಲಿ ಕ್ಲಬ್ಬಿನ ಹಿರಿಯರೊಬ್ಬರು ಬಗ್ಗಿ ನೋಡಿ, "ಇದು ಒರಿಜಿನಲ್ ಅಲ್ಲ" ಅಂದರು. "ಅಲ್ಲ, ಆದರೆ ಬಿಸಿಯಾದ ಮೇಲೂ ಓಡುತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಕಂಡೆನ್ಸರಿನ ಮೇಲಿದ್ದ ನಂಬರನ್ನು ಒಂದೊಂದೇ ಅಂಕಿ ನೋಡಿ ಬರೆದುಕೊಂಡರು.