ಚಾ ಮಾಡ್ತೀನ್ರಿ

ಇವತ್ತು ಬೆಳಿಗ್ಗೆ ಒಂದು ಜಗಳ ಆಗಬೇಕಿತ್ತು, ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ. ಅದಕ್ಕೇ ಈಗ ಇಲ್ಲಿ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬಿಪಿ ಏರುತ್ತದೆ.

ಇಲ್ಲದವರಿಗೆ ಪುಕ್ಕಟೆ ಆಹಾರ ಹಂಚುವ ನಮ್ಮ ಫುಡ್ ಬ್ಯಾಂಕಿನ ಹಾಲಿನ ಕಥೆ ನಿಮಗೆ ಗೊತ್ತೇ ಇದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಇದ್ದಾಗ, ಸರ್ಕಾರವೇ ಕೊಳೆಗೇರಿಗಳಲ್ಲಿ ಪುಕ್ಕಟೆ ಹಾಲು ಹಂಚಿತ್ತು. ಅದು ನಿಂತ ಮೇಲೂ ಮಂದಿ ನಮ್ಮ ಬಾಗಿಲಿಗೆ ಬಂದು "ಹಾಲು ಬಂತೇನ್ರಿ?" ಅಂತ ಕೇಳುತ್ತಿದ್ದರು. ಹಾಗೆ ಶುರುವಾಯಿತು. ಈಗ ದಿನಕ್ಕೆ 60 ಲೀಟರ್, ಅರ್ಧ ಲೀಟರಿನ 120 ಪಾಕೀಟು. ಮನೆಗೆ ಒಂದು.

ಇವತ್ತು ಒಬ್ಬ ಸಾಹುಕಾರರು ಬಂದಿದ್ದರು. ತಾಯಿಯ ಪುಣ್ಯತಿಥಿಗೆ ಹತ್ತು ದಿನದ ಹಾಲಿನ ಖರ್ಚು ಕೊಡುವವರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಪಾಳಿಯಲ್ಲಿ ನಿಂತ ಒಬ್ಬ ಹೆಣ್ಣುಮಗಳಿಗೆ ಕೇಳಿದರು, "ಏನವಾ, ಈ ಹಾಲ ಒಯ್ದು ಏನ್ ಮಾಡ್ತಿ?"

"ಚಾ ಮಾಡ್ತೀನ್ರಿ ಸಾವ್ಕಾರ್ರ."

ಅವರ ಮುಖ ಒಡೆದ ಹಾಲಿನ ಹಾಗಾಯಿತು. ನನ್ನ ಕಡೆ ತಿರುಗಿ, "ಅಕ್ಕೋರ, ನಾವು ಕೂಸುಗೋಳು ಕುಡೀಲಿ ಅಂತ ಕೊಡಾಕತ್ತೀವ್ರಿ. ಇವ್ರು ನೋಡಿದ್ರ ಚಾ ಕುಡ್ಯಾಕತ್ತಾರ!"

ಕುಡಿಯಲಿ ಬಿಡ್ರಿ! ಚಹಾ ಕುಡಿದರೆ ಏನಾಯ್ತು?

ಆ ಹೆಣ್ಣುಮಗಳು ಬೆಳಿಗ್ಗೆ ಏಳಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಾಳೆ. ಸಂಜೆಯವರೆಗೆ ತಲೆಯ ಮೇಲೆ ಉಸುಕಿನ ಬುಟ್ಟಿ. ಹೋಗುವ ಮುಂಚೆ ಅತ್ತೆಗೆ, ಗಂಡನಿಗೆ, ತನಗೆ ಒಂದೊಂದು ಕಪ್ ಚಹಾ. ಉಳಿದ ಹಾಲು ಮಗನಿಗೆ. ಇಷ್ಟನ್ನೂ ಅವಳು ವಿವರಿಸಬೇಕಿತ್ತಾ? "ಕೂಸಿಗೆ ಕೊಡ್ತೀನ್ರಿ" ಅಂದುಬಿಟ್ಟಿದ್ದರೆ ಎಲ್ಲರಿಗೂ ಸಂತೋಷ. ಪಾಪ, ಖರೇ ಹೇಳಿ ಸಿಕ್ಕಿಬಿದ್ದಳು.

ನಾವು ಯಾರ ಮನೆಗೆ ಹೋದರೂ ಮೊದಲು ಏನು ಕೇಳುತ್ತಾರೆ? ಚಹಾ. ಅದನ್ನು ಕೊಡದೆ ಕಳಿಸಿದರೆ ಮನೆಯ ಮಾನ ಹೋಯಿತು. ಬಡವರ ಮನೆಗೂ ಬೀಗರು ಬರುತ್ತಾರೆ, ಅಲ್ವಾ?

ಇನ್ನು ಕೆಲವರು ಹೆಪ್ಪು ಹಾಕುತ್ತಾರೆ. ಅರ್ಧ ಲೀಟರ್ ಹಾಲು ಮೊಸರಾಗಿ, ಮಜ್ಜಿಗೆಯಾಗಿ, ರೊಟ್ಟಿ ಜೊತೆ ಇಡೀ ಮನೆಗೆ ಒಂದು ಹೊತ್ತಿಗೆ ಸಾಲುತ್ತದೆ. ಬರಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ದೊಡ್ಡವರೂ ಬಹಳ ಇದ್ದಾರೆ (ನಾನೂ ಒಬ್ಬಳು), ಅವರಿಗೆ ಮೊಸರೇ ಸರಿ. ಮೊಸರಿಗೆ ಮಾತ್ರ ಯಾರದೂ ತಕರಾರಿಲ್ಲ. ಸಿಟ್ಟೆಲ್ಲ ಚಹಾದ ಮೇಲೆ.

ಸಾಹುಕಾರರ ಸಲಹೆಯನ್ನೂ ಕೇಳಿ: ಹಾಲನ್ನು ಇಲ್ಲೇ ಕಾಯಿಸಿ, ಮಕ್ಕಳನ್ನು ಕರೆಸಿ, ಕಣ್ಣೆದುರಿಗೇ ಕುಡಿಸಬೇಕಂತೆ. ಮೂವತ್ತೆರಡು ವರ್ಷ ಸಾಲಿಯಲ್ಲಿ ಕಳೆದವಳಿಗೆ ಇದು ಹೊಸದಾ? 2013ರ ಆಗಸ್ಟ್ 1ಕ್ಕೆ ಸಾಲಿ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆ ಬಂದಾಗ 18 ಗ್ರಾಂ ಹಾಲಿನ ಪುಡಿ, ಒಂದಿಷ್ಟು ಸಕ್ಕರೆ, ಬಿಸಿನೀರು ಸೇರಿಸಿ ಒಂದು ಮಗುವಿಗೆ 150 ಎಂಎಲ್ ಅಂತ ಲೆಕ್ಕ ಹಾಕಿ ಕಲಸಿದ ಕೈ ಇದು. ಅಲ್ಲಿ ಅಡುಗೆಯವರಿದ್ದರು, ಲೋಟಗಳಿದ್ದವು, ಮಕ್ಕಳು ಅಲ್ಲೇ ಕೂತಿರುತ್ತಿದ್ದರು. ಇಲ್ಲಿ ನಾವು ನಾಲ್ಕು ಜನ, ಒಂದು ಒಲೆ. ಮಕ್ಕಳು ಇನ್ನೂ ಹಾಸಿಗೆಯಲ್ಲಿ. ತಾಯಂದಿರಿಗೆ ಕೆಲಸಕ್ಕೆ ಹೊತ್ತಾಗಿರುತ್ತದೆ.

"ಹಂಗಾದ್ರ ಸಾಲಿಯೊಳಗ ಹಾಲ ಸಿಗತೈತಲ್ರಿ, ಮತ್ಯಾಕ ಇಲ್ಲಿ?" ಅದನ್ನೂ ಕೇಳಿದರು. ಭಾನುವಾರ? ಏಪ್ರಿಲ್, ಮೇ ರಜೆ? ಸಾಲಿ ಬಿಟ್ಟು ಐವತ್ತು ವರ್ಷವಾದ ಮುದುಕಿ?

ಮಾರಿಕೊಳ್ಳುವವರಿದ್ದಾರೆ ಅನ್ನುತ್ತೀರಿ. ಇದ್ದಾರೆ. ಒಬ್ಬ ಸ್ಟೇಶನ್ ರೋಡಿನ ಕಡೆ ಒಂದು ಚಹಾದಂಗಡಿಗೆ ಪಾಕೀಟು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಅವನಿಗೆ ಇಪ್ಪತ್ತು ರೂಪಾಯಿ ಸಿಕ್ಕಿರಬಹುದು. ಅದಕ್ಕೆ ಉಳಿದ 119 ಮನೆಯವರನ್ನು ಕಟಕಟೆಯಲ್ಲಿ ನಿಲ್ಲಿಸಬೇಕಾ?

ಇಷ್ಟೆಲ್ಲ ಮಾತಾಡುವ ನಾನೂ ಸಾಚಾ ಅಲ್ಲ. ಆ ಘಟನೆಯ ನಂತರ ಎರಡು ತಿಂಗಳು ಕತ್ತರಿ ಹಿಡಿದು ಕೂತಿದ್ದೆ. ಪ್ರತಿ ಪಾಕೀಟಿನ ಮೂಲೆ ಕತ್ತರಿಸಿ ಕೊಡುವುದು, ಮಾರಲು ಬರದ ಹಾಗೆ. ಪಾತ್ರೆ ತಂದವರು ಸುರುವಿಕೊಂಡು ಹೋಗುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ ಪಾತ್ರೆ ಮರೆತು ಬಂದಿದ್ದಳು. "ನಿಯಮ ಅಂದ್ರೆ ನಿಯಮ" ಅಂತ ಆಕೆಯದೂ ಕತ್ತರಿಸಿದೆ. ಕೊಯ್ದ ಮೂಲೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಹೊರಟಳು. ಬಾಗಿಲಿನಿಂದ ರಸ್ತೆಯವರೆಗೆ ಬಿಳಿ ಹನಿ ಸಾಲಾಗಿ ಬಿದ್ದಿತ್ತು. ಮಾರನೇ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಆ ಕತ್ತರಿ ಈಗಲೂ ಡ್ರಾದಲ್ಲಿದೆ, ಮುಟ್ಟಿಲ್ಲ.

ಚಿಂತೆ ಮಾಡಲೇಬೇಕೆಂದರೆ ಬೇರೆ ಬಹಳ ಇವೆ. 2025ರ ಏಪ್ರಿಲ್ 1ಕ್ಕೆ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ನಮಗೆ ತಿಂಗಳಿಗೆ 7,200 ಹೆಚ್ಚು. ರೈತರಿಗೆ ಹೋಗಲಿ, ನನ್ನ ತಕರಾರಿಲ್ಲ, ಆದರೆ ತರುವುದೆಲ್ಲಿಂದ? ಮೇಲೆ ನಮ್ಮ ವಿಜಯಪುರದ ಬಿಸಿಲು. ಪಾಕೀಟಿನ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ ತಣಿಸಿರುತ್ತಾರೆ. ರೋಗದ ಕ್ರಿಮಿ ಸಾಯುತ್ತವೆ, ಹುಳಿ ಮಾಡುವವು ಕೆಲವು ಉಳಿಯುತ್ತವೆ. ತಂಪು ತಪ್ಪಿದರೆ ಅವುಗಳದೇ ರಾಜ್ಯ. ನಮ್ಮ ಹತ್ತಿರ ಫ್ರಿಜ್ ಇಲ್ಲ. ಒದ್ದೆ ಗೋಣಿಚೀಲ ಹೊದಿಸಿ, ಎಂಟರೊಳಗೆ ಎಲ್ಲ ಹಂಚಿ ಮುಗಿಸಬೇಕು. ಸಾಹುಕಾರರು ಇದನ್ನು ಒಮ್ಮೆಯಾದರೂ ಕೇಳಿದರಾ? ಇಲ್ಲ. ಚಾ, ಚಾ, ಚಾ.

ಅಂದಹಾಗೆ, ಈ ಭಾಷಣ ಮಾಡುವಾಗ ಅವರ ಕೈಯಲ್ಲಿ ಏನಿತ್ತು ಗೊತ್ತಾ? ಚಹಾದ ಕಪ್. ಎರಡನೆಯದು. "ಯಾಲಕ್ಕಿ ಚಲೋ ಹಾಕೀರಿ ಅಕ್ಕೋರ" ಅಂದರು. ಅದರ ಹಾಲು ಬಂದದ್ದು ಅದೇ ಕ್ರೇಟಿನಿಂದ. ಬಾಯಿ ತುದಿಗೆ ಬಂದಿತ್ತು, ಹೇಳಲಿಲ್ಲ. ಚೆಕ್ಕಿಗೆ ಇನ್ನೂ ಸಹಿ ಬಿದ್ದಿರಲಿಲ್ಲ.

ನಾಳೆ ಬೆಳಿಗ್ಗೆ ಐದೂವರೆಗೆ ಕ್ರೇಟು ಇಳಿಸಲು ಇಬ್ಬರು ಬೇಕು. ನಮ್ಮ ಹುಡುಗನಿಗೆ ಜ್ವರ. ಬರುವವರು ಕೆಳಗೆ ತಿಳಿಸಿ. ಚಹಾ ಇರುತ್ತದೆ.